ನಕಲೆಂದು ನಕ್ಕವರು

ಜಪಾನಿನ ಹಳೆಯ ವಿದ್ಯುತ್ ಗಿಟಾರುಗಳಿಗೆ ಬಂದ ಭಾಗ್ಯ

ಟೋಕಿಯೋ ನಗರದ ನಡುವೆ ಓಚನೊಮಿಜು ಎಂಬ ಪೇಟೆಯೊಂದಿದೆ. ರೈಲು ನಿಲ್ದಾಣದಿಂದ ಹೊರಬಿದ್ದು, ಇಳಿಜಾರಿನ ಬೀದಿಯನ್ನು ಹಿಡಿದು ಸ್ವಲ್ಪ ದೂರ ನಡೆಯುವಷ್ಟರಲ್ಲಿ ಗಿಟಾರು ಮಾರುವ ಅಂಗಡಿಗಳ ಸಾಲು ಮೊದಲಾಗುತ್ತದೆ. ಗೋಡೆಯ ಮೇಲೆ, ಕಿಟಕಿಯ ಹಿಂದೆ, ಬಾಗಿಲ ಬಳಿಯಲ್ಲಿ, ಎಲ್ಲಿ ನೋಡಿದರೂ ಗಿಟಾರು. ಹಾಗೆಯೇ ಮುಂದಕ್ಕೆ ಇಳಿದುಹೋದರೆ ಹಳೆಯ ಪುಸ್ತಕಗಳ ವ್ಯಾಪಾರಕ್ಕೆ ಹೆಸರಾದ ಜಿಂಬೊಚೊ ಸಿಕ್ಕುತ್ತದೆ. ಹಳೆಯದನ್ನು ಪ್ರೀತಿಸುವವರಿಗೆ ಆ ಬೀದಿ ಒಂದು ಯಾತ್ರಾಸ್ಥಳವೆಂದೇ ಹೇಳಬೇಕು.

ಅಲ್ಲಿಗೆ ಬರುವ ಗಿರಾಕಿಗಳಲ್ಲಿ ಒಂದು ಪಂಗಡದವರು ಹೊಸ ವಾದ್ಯದ ಕಡೆಗೆ ಕಣ್ಣೆತ್ತಿಯೂ ನೋಡರು. ಮೂಲೆಯಲ್ಲಿ ತೂಗುಬಿಟ್ಟಿರುವ, ಬಣ್ಣ ಮಾಸಿದ, ಲೋಹದ ಭಾಗಗಳಿಗೆ ತುಕ್ಕು ತಗುಲಿದ ಗಿಟಾರೊಂದನ್ನು ಕೆಳಗಿಳಿಸಿಕೊಡುವಂತೆ ಕೇಳುತ್ತಾರೆ. ಕೈಗೆ ಬಂದೊಡನೆ ಅದನ್ನು ನುಡಿಸಿ ನೋಡುವುದಿಲ್ಲ. ಬೋರಲು ಹಾಕಿ ಬೆನ್ನನ್ನು ನೋಡುತ್ತಾರೆ. ಕತ್ತು ಒಡಲನ್ನು ಸೇರುವೆಡೆಯಲ್ಲಿ ನಾಲ್ಕು ತಿರುಪುಗಳಿಂದ ಬಿಗಿದ ಚಿಕ್ಕದೊಂದು ಲೋಹದ ತಗಡು ಇರುತ್ತದೆ. ಅದರ ಮೇಲಿನ ಅಕ್ಷರಗಳನ್ನೂ ಅಂಕಿಗಳನ್ನೂ ಓದುತ್ತಾರೆ. ವೈದ್ಯನು ನಾಡಿಯನ್ನು ಹಿಡಿದು ನೋಡಿದಂತೆ!

ಇವರೇ ಹಳೆಯ ಜಪಾನೀ ವಿದ್ಯುತ್ ಗಿಟಾರುಗಳ ಸಂಗ್ರಾಹಕರು. ಟೋಕಿಯೋದಲ್ಲಿ ಮಾತ್ರವಲ್ಲ, ಅಮೆರಿಕ, ಇಂಗ್ಲೆಂಡ್, ಜರ್ಮನಿ, ಆಸ್ಟ್ರೇಲಿಯಗಳಲ್ಲಿಯೂ ಇವರ ಬಳಗವಿದೆ. ಹೊರದೇಶಗಳಿಗೆ ಹೋದ ಗಿಟಾರುಗಳ ಬೆನ್ನಿನ ಮೇಲೆ ಇವರು ಹುಡುಕುವ ಮೂರು ಪದಗಳೆಂದರೆ ‘ಮೇಡ್ ಇನ್ ಜಪಾನ್’. ಸೋಜಿಗದ ಸಂಗತಿಯೆಂದರೆ, ಆರು ದಶಕಗಳ ಹಿಂದೆ ಇದೇ ಮೂರು ಪದಗಳು ನಗೆಪಾಟಲಿನ ಗುರುತಾಗಿದ್ದುವು. ಜಪಾನೀಯರು ತಮ್ಮ ಸ್ವಂತ ಕಲ್ಪನೆಯಿಂದ ಗಿಟಾರು ಮಾಡಿದಾಗ ಜಗತ್ತು ಅದನ್ನು ಆಟಿಕೆಯೆಂದು ನಕ್ಕಿತು. ಅಮೆರಿಕದ ಮಾದರಿಯನ್ನು ಕಂಡು ಮಾಡಿದಾಗ ನಕಲೆಂದು ನಕ್ಕಿತು. ಆದರೆ ಆ ನಗೆ ಬಹಳ ಕಾಲ ಉಳಿಯಲಿಲ್ಲ.

ಹವಾಯಿಯಿಂದ ಬಂದ ನಾದ

ವಿದ್ಯುತ್ ಗಿಟಾರಿನ ರಹಸ್ಯ ಅಷ್ಟೇನೂ ಜಟಿಲವಾದುದಲ್ಲ. ವೀಣೆಯಲ್ಲಿ ತಂತಿಯ ಕಂಪನವನ್ನು ಕೊಡವು ಹಿಗ್ಗಿಸಿ ಕಿವಿಗೆ ಮುಟ್ಟಿಸುತ್ತದೆ. ವಿದ್ಯುತ್ ಗಿಟಾರಿನಲ್ಲಿ ಕೊಡದ ಕೆಲಸವನ್ನು ‘ಪಿಕಪ್’ ಎಂಬ ಪುಟ್ಟ ಸಾಧನ ಮಾಡುತ್ತದೆ. ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ, ಇಷ್ಟೇ ಅದರ ಸಾಮಗ್ರಿ. ಮೇಲೆ ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ. ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಧ್ವನಿವರ್ಧಕ ಅದನ್ನು ನಾದವಾಗಿ ಮಾರ್ಪಡಿಸುತ್ತದೆ. ಒಡಲು ಟೊಳ್ಳಾಗಿರಬೇಕೆಂಬ ನಿಯಮವೂ ಇಲ್ಲ. ಮರದ ಹಲಗೆಯೇ ಸಾಕು.

ಜಪಾನಿಗೆ ಈ ವಿದ್ಯೆ ಬಂದುದು ಹವಾಯಿ ಸಂಗೀತದ ಹಾದಿಯಲ್ಲಿ. ಮಡಿಲಲ್ಲಿಟ್ಟುಕೊಂಡು ಲೋಹದ ಸರಳನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಹವಾಯಿ ಗಿಟಾರಿಗೆ 1930ರ ದಶಕದಲ್ಲಿ ಅಲ್ಲಿ ಅಪಾರ ಅಭಿಮಾನಿಗಳಿದ್ದರು. ಮಿತ್ಸುವೊ ಮತ್ಸುಕಿ ಎಂಬ ವಾದಕರು ತಮ್ಮ ಗೆಳೆಯ ಅತ್ಸುವೊ ಕನೆಕೊ ಅವರೊಡನೆ ಸೇರಿ 1933ರ ಸುಮಾರಿಗೆ ಈ ಕೆಲಸಕ್ಕೆ ಕೈಹಾಕಿದರು. ಮುಂದೆ ‘ಗಯಾಟೋನ್’ ಎಂದು ಹೆಸರಾದ ಸಂಸ್ಥೆಯ ಮೂಲ ಇದೇ. ಅನಂತರ ಯುದ್ಧ ಬಂದಿತು. ಅಮೆರಿಕದ ಸಂಗೀತವೆಲ್ಲವೂ ಶತ್ರುಗಳ ಸಂಗೀತವೆಂದು ನಿಷಿದ್ಧವಾಯಿತು. ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಕನೆಕೊ ಅವರು ದೊರ್ಯು ಮತ್ಸುದ ಎಂಬ ವಿದ್ಯುತ್ ತಂತ್ರಜ್ಞರೊಡನೆ ಕೂಡಿ ಬೇರೊಂದು ಕಾರ್ಯಾಗಾರವನ್ನು ತೆರೆದರು. ‘ಟೀಸ್ಕೊ’ ಎಂಬ ಹೆಸರಿನಿಂದ ಪ್ರಖ್ಯಾತವಾದುದು ಅದು. ಬಾಂಬುಗಳಿಂದ ನೆಲಸಮವಾಗಿದ್ದ ನಗರದಲ್ಲಿ ಗಿಟಾರು ಮಾಡಹೊರಟವರ ಧೈರ್ಯವನ್ನು ಏನೆನ್ನೋಣ?

ಆ ಧೈರ್ಯಕ್ಕೆ ಫಲ ಸಿಕ್ಕಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. 1965ರ ಜನವರಿಯಲ್ಲಿ ‘ದಿ ವೆಂಚರ್ಸ್’ ಎಂಬ ಅಮೆರಿಕದ ವಾದ್ಯತಂಡ ಜಪಾನಿನ ಪ್ರವಾಸಕ್ಕೆ ಬಂದಿತು. ಹಾಡುಗಾರಿಕೆಯಿಲ್ಲದೆ ಬರಿಯ ಗಿಟಾರುಗಳಿಂದಲೇ ಸಭೆಯನ್ನು ಕುಣಿಸುವ ತಂಡವದು. ದೇಶದ ತರುಣರಿಗೆಲ್ಲ ಹುಚ್ಚು ಹಿಡಿಯಿತು. ‘ಎಲೆಕ್ಟ್ರಿಕ್’ ಎಂಬ ಪದವನ್ನು ತುಂಡರಿಸಿ ಅವರು ಈ ವಾದ್ಯಕ್ಕೆ ‘ಎಲೆಕಿ’ ಎಂದು ಮುದ್ದಿನ ಹೆಸರಿಟ್ಟರು. ಅದೇ ವರ್ಷ ಯುಜೊ ಕಯಾಮ ನಾಯಕನಾಗಿದ್ದ ಎಲೆಕಿ ಚಲನಚಿತ್ರವೂ ತೆರೆಗೆ ಬಂದಿತು. ತಾಯಿತಂದೆಯರಿಗೆ ಚಿಂತೆ ಹತ್ತಿತು. ಮಕ್ಕಳು ಓದು ಬಿಟ್ಟು ಕೆಡುತ್ತಿದ್ದಾರೆಂಬ ಕೂಗೆದ್ದಿತು. ಅಶಿಕಾಗ ಎಂಬ ಊರಿನ ಶಿಕ್ಷಣ ಮಂಡಲಿಯಂತೂ 1965ರಲ್ಲಿ ವಿದ್ಯಾರ್ಥಿಗಳಿಗೆ ಎಲೆಕಿಯನ್ನೇ ನಿಷೇಧಿಸಿತು. ಬೇಡವೆಂದಷ್ಟೂ ಬೇಕೆನಿಸುವುದು ಹರೆಯದ ಸ್ವಭಾವ. ಕಾರ್ಖಾನೆಗಳಿಗೆ ಬಿಡುವಿಲ್ಲದಾಯಿತು.

ಗುಂಡಿಗಳ ವೈಭವ

ಸಮುದ್ರದಾಚೆಯ ಬೇಡಿಕೆ ಇದಕ್ಕಿಂತಲೂ ದೊಡ್ಡದು. ಬೀಟಲ್ಸ್ ತಂಡ 1964ರಲ್ಲಿ ಅಮೆರಿಕದಲ್ಲಿ ಕಾಲಿಟ್ಟ ಮೇಲೆ ಅಲ್ಲಿನ ಪ್ರತಿಯೊಬ್ಬ ಹುಡುಗನಿಗೂ ಗಿಟಾರು ಬೇಕಾಯಿತು. ಫೆಂಡರ್, ಗಿಬ್ಸನ್‌ಗಳಂಥ ಹೆಸರಾಂತ ಸಂಸ್ಥೆಗಳ ವಾದ್ಯಗಳ ಬೆಲೆ ಸಾಮಾನ್ಯ ಕುಟುಂಬಕ್ಕೆ ಎಟುಕುವಂತಿರಲಿಲ್ಲ. ಆಗ ಒಂದು ಡಾಲರಿಗೆ 360 ಯೆನ್ ಎಂಬ ನಿಗದಿಯಾದ ವಿನಿಮಯ ದರವಿದ್ದಿತು. ಜಪಾನಿನ ಕೂಲಿಯೂ ಕಡಿಮೆ. ಜಾಕ್ ವೆಸ್ಟ್‌ಹೈಮರ್ ಎಂಬ ಅಮೆರಿಕದ ವರ್ತಕರು ಟೀಸ್ಕೊ ಗಿಟಾರುಗಳನ್ನು ‘ಟೀಸ್ಕೊ ಡೆಲ್ ರೇ’ ಎಂಬ ಹೆಸರಿನಲ್ಲಿ ತರಿಸಿ ಮಾರಿದರು. ಸಿಯರ್ಸ್‌ನಂಥ ದೊಡ್ಡ ಮಳಿಗೆಗಳಲ್ಲಿ ಬಟ್ಟೆಬರೆಯ ಜೊತೆಗೆ ಜಪಾನೀ ಗಿಟಾರೂ ದೊರೆಯಲಾರಂಭಿಸಿತು. ಮುಂದೆ ವಿಶ್ವವಿಖ್ಯಾತನಾದ ಎಡ್ಡಿ ವ್ಯಾನ್ ಹೇಲನ್‌ನ ಮೊದಲ ವಿದ್ಯುತ್ ಗಿಟಾರು ಟೀಸ್ಕೊ ಡೆಲ್ ರೇಯೇ.

ಈ ಕಾಲದ ಗಿಟಾರುಗಳನ್ನು ನೋಡಿದರೆ ಇಂದಿಗೂ ಮುಗುಳ್ನಗೆ ಬರುತ್ತದೆ. ಒಂದು ಪಿಕಪ್ ಸಾಲದೆಂದು ನಾಲ್ಕು. ಪ್ರತಿಯೊಂದಕ್ಕೂ ಬೇರೆ ಬೇರೆ ಗುಂಡಿ. ಹೊಳೆಯುವ ಲೋಹದ ಫಲಕಗಳು, ಗೆರೆ ಕೊರೆದ ತಗಡುಗಳು, ಬಣ್ಣಬಣ್ಣದ ಒತ್ತುಗುಂಡಿಗಳು. ಒಂದು ಮಾದರಿಯ ಒಡಲಿನೊಳಗೇ ಧ್ವನಿವರ್ಧಕವನ್ನೂ ಸ್ಪೀಕರನ್ನೂ ಅಡಗಿಸಿದ್ದರು! ನೋಟಕ್ಕೆ ಇಷ್ಟೆಲ್ಲ ವೈಭವವಿದ್ದರೂ ಅಗ್ಗದ ಮಾದರಿಗಳಲ್ಲಿ ನುಡಿಸುವವನ ಕಷ್ಟ ನುಡಿಸುವವನಿಗೇ ಗೊತ್ತು. ತಂತಿ ಮೆಟ್ಟುಗಳಿಂದ ಬಹಳ ಮೇಲಿದ್ದು ಬೆರಳು ನೋಯುವುದು. ಬಿರಡೆ ಸಡಿಲವಾಗಿ ಶ್ರುತಿ ನಿಲ್ಲದಿರುವುದು. ಆಟಿಕೆಯೆಂಬ ಹೀಯಾಳಿಕೆ ಪೂರ್ತಿ ಅನ್ಯಾಯವಾಗಿರಲಿಲ್ಲ.

ಆದರೂ ಈ ಆಟಿಕೆಯಿಂದಲೇ ಅಮೃತವನ್ನು ಕರೆದವನೊಬ್ಬನಿದ್ದ. ಷಿಕಾಗೋ ನಗರದ ದಕ್ಷಿಣ ಭಾಗದ ಕರಿಯರ ಬಡಾವಣೆಗಳ ಪಾನಗೃಹಗಳಲ್ಲಿ ನುಡಿಸುತ್ತಿದ್ದ ‘ಹೌಂಡ್ ಡಾಗ್’ ಟೇಲರ್ ಅವನು. ಹುಟ್ಟಿನಿಂದಲೇ ಅವನ ಕೈಗಳಿಗೆ ಆರಾರು ಬೆರಳು. ಕೊಂಡದ್ದು ಅಗ್ಗದ ಜಪಾನೀ ಗಿಟಾರು. ಜೊತೆಗೆ ಅಂಥದೇ ಅಗ್ಗದ ಧ್ವನಿವರ್ಧಕ. ಬೆರಳಿಗೆ ಲೋಹದ ಕೊಳವೆಯನ್ನು ತೊಟ್ಟು ತಂತಿಯ ಮೇಲೆ ಜಾರಿಸಿದನೆಂದರೆ, ಹರಿದು ಚಿಂದಿಯಾದಂಥ ಒರಟು ನಾದ ಕೇಳುಗರ ಎದೆಯನ್ನು ಹೊಕ್ಕುಬಿಡುತ್ತಿತ್ತು. ತಂತಿ ಎತ್ತರದಲ್ಲಿದ್ದುದು ಬೆರಳಿಗೆ ಶಾಪವಾದರೆ ಕೊಳವೆಗೆ ವರವಾಯಿತು. ಅವನ ಸಂಗೀತಕ್ಕೆ ಮರುಳಾದ ಬ್ರೂಸ್ ಇಗ್ಲಾವರ್ ಎಂಬ ತರುಣ, ಅವನ ಧ್ವನಿಮುದ್ರಿಕೆಯನ್ನು ಹೊರತರುವುದಕ್ಕಾಗಿಯೇ 1971ರಲ್ಲಿ ‘ಅಲಿಗೇಟರ್’ ಎಂಬ ಸಂಸ್ಥೆಯನ್ನು ಕಟ್ಟಿದ. ಟೇಲರ್ 1975ರಲ್ಲಿ ತೀರಿಕೊಂಡ. ಹಳೆಯ ಜಪಾನೀ ಗಿಟಾರುಗಳ ಅಭಿಮಾನಿಗಳು ಈಗಲೂ ಅವನ ಹೆಸರನ್ನು ಭಕ್ತಿಯಿಂದ ಸ್ಮರಿಸುತ್ತಾರೆ.

ಹುಚ್ಚು ಇಳಿಯಲು ತಡವಾಗಲಿಲ್ಲ. 1960ರ ದಶಕ ಮುಗಿಯುವ ಮುನ್ನವೇ ಅಮೆರಿಕದ ಬೇಡಿಕೆ ಕುಸಿಯಿತು. ಟೀಸ್ಕೊ ಸಂಸ್ಥೆಯನ್ನು 1967ರಲ್ಲಿ ಕವಾಯಿ ಪಿಯಾನೊ ಸಂಸ್ಥೆಯವರು ಕೊಂಡರು. ಸಣ್ಣಪುಟ್ಟ ಕಾರ್ಖಾನೆಗಳು ಬಾಗಿಲು ಹಾಕಿದುವು. ಉಳಿದವರಿಗೆ ಒಂದು ಪಾಠ ಮಾತ್ರ ಚೆನ್ನಾಗಿ ಮನದಟ್ಟಾಯಿತು: ಗುಂಡಿಗಳನ್ನು ಹೆಚ್ಚಿಸಿದ ಮಾತ್ರಕ್ಕೆ ವಾದ್ಯ ಹೆಚ್ಚಾಗುವುದಿಲ್ಲ.

ಹೊಲಿಗೆ ಯಂತ್ರದ ಪೆಟ್ಟಿಗೆ

ಪಾಠ ಕಲಿತವರಲ್ಲಿ ಮುಂದಾಳುಗಳು ಮತ್ಸುಮೊತೊ ಊರಿನವರು. ಜಪಾನಿನ ನಡುವಣ ನಗಾನೊ ಪ್ರಾಂತದಲ್ಲಿ, ಎತ್ತರವಾದ ಪರ್ವತಗಳ ಮಡಿಲಲ್ಲಿ ಈ ಊರಿದೆ. ಕಪ್ಪು ಗೋಡೆಗಳ ಪುರಾತನ ಕೋಟೆ ಅಲ್ಲಿನ ಹೆಗ್ಗುರುತು. ತಂಪಾದ ಒಣ ಹವೆ ಮರ ಒಣಗಿಸಲು ಅನುಕೂಲ. ಪೀಠೋಪಕರಣದ ಕುಶಲ ಕೆಲಸಗಾರರಿಗೂ ಅಲ್ಲಿ ಕೊರತೆಯಿಲ್ಲ. 1951ರಲ್ಲಿ ಆರಂಭವಾದ ಮತ್ಸುಮೊಕು ಎಂಬ ಕಾರ್ಖಾನೆ ಸಿಂಗರ್ ಹೊಲಿಗೆ ಯಂತ್ರಗಳಿಗೆ ಮರದ ಪೆಟ್ಟಿಗೆಗಳನ್ನು ಮಾಡಿಕೊಡುತ್ತಿದ್ದಿತು. ಮರವನ್ನು ಅಂಟಿಸುವ, ಬಾಗಿಸುವ, ಮೆರುಗೆಣ್ಣೆ ಹಚ್ಚುವ ಆ ಕೈಚಳಕವೇ ಮುಂದೆ ಗಿಟಾರಿಗೆ ಒದಗಿತು. ಅದೇ ಊರಿನಲ್ಲಿ 1960ರಲ್ಲಿ ಫುಜಿಗೆನ್ ಎಂಬ ಇನ್ನೊಂದು ಕಾರ್ಖಾನೆ ತಲೆಯೆತ್ತಿತು. ದಕ್ಷಿಣದ ಕರಾವಳಿಯ ಹಮಮತ್ಸು ನಗರದಲ್ಲಿ ಯಮಾಹ, ಕವಾಯಿ, ಟೊಕಾಯ್ ಸಂಸ್ಥೆಗಳಿದ್ದುವು.

ಇವರು 1970ರ ದಶಕದಲ್ಲಿ ಹಿಡಿದ ದಾರಿ ಬೇರೆ. ಫೆಂಡರ್, ಗಿಬ್ಸನ್ ಗಿಟಾರುಗಳನ್ನು ತಂದು, ಬಿಚ್ಚಿ, ಅಳೆದು, ಅವುಗಳಂತೆಯೇ ಮಾಡತೊಡಗಿದರು. ಮೊದಲ ನಕಲುಗಳು ಹೊರನೋಟಕ್ಕೆ ಮಾತ್ರ ಹೋಲುತ್ತಿದ್ದುವು. ಮೂಲದಲ್ಲಿ ಕತ್ತನ್ನು ಅಂಟಿನಿಂದ ಕೂಡಿಸಿದ್ದರೆ, ಇವರದರಲ್ಲಿ ತಿರುಪು. ವರ್ಷ ಕಳೆದಂತೆ ಒಳಗೂ ಹೊರಗೂ ಹೋಲಿಕೆ ಬಂದಿತು. ದಶಕ ಮುಗಿಯುವ ಹೊತ್ತಿಗೆ ಬಲ್ಲವರು ಕೂಡ ಕಣ್ಣು ಮುಚ್ಚಿ ನುಡಿಸಿ, ಇದು ಯಾವುದೆಂದು ಹೇಳಲು ತಡವರಿಸುವಂತಾಯಿತು. ಅತ್ತ ಅಮೆರಿಕದಲ್ಲಿ ಫೆಂಡರ್ ಸಂಸ್ಥೆ 1965ರಲ್ಲಿ ಸಿಬಿಎಸ್ ಎಂಬ ಬೃಹತ್ ಕಂಪನಿಯ ಕೈಸೇರಿತ್ತು. ಗಿಬ್ಸನ್ನಿನ ಒಡೆತನವೂ 1969ರಲ್ಲಿ ಬದಲಾಗಿತ್ತು. ಲೆಕ್ಕಪತ್ರದವರ ಕೈ ಮೇಲಾಗಿ ಕುಶಲಕರ್ಮಿಗಳ ಕೈ ಕೆಳಗಾಯಿತೆಂದು ವಾದಕರು ಗೊಣಗತೊಡಗಿದ್ದ ಕಾಲವದು. ಮೂಲ ಇಳಿಯುತ್ತಿದ್ದಾಗ ನಕಲು ಏರಿತು.

ಆ ಕಾಲದ ಜಪಾನೀ ಗಿಟಾರುಗಳ ಹೆಸರಿನಲ್ಲೊಂದು ಸ್ವಾರಸ್ಯವಿದೆ. ಮಾದರಿಯ ಅಂಕಿಯಲ್ಲಿಯೇ ಅನೇಕವೇಳೆ ಬೆಲೆ ಅಡಗಿರುತ್ತಿತ್ತು. ಗ್ರೆಕೊ ಇಜಿ 500 ಎಂದರೆ ಐವತ್ತು ಸಾವಿರ ಯೆನ್. ಟೊಕಾಯ್ ಎಲ್‌ಎಸ್ 80 ಎಂದರೆ ಎಂಬತ್ತು ಸಾವಿರ. ಗಿರಾಕಿ ಬೆಲೆ ಕೇಳಬೇಕಾದ ಪ್ರಮೇಯವೇ ಇಲ್ಲ. ಇಂದಿನ ಸಂಗ್ರಾಹಕನಿಗೂ ಅದು ಉಪಕಾರವಾಗಿದೆ. ಅಂಕಿ ಹೆಚ್ಚಿದ್ದಷ್ಟೂ ಮರವೂ ಪಿಕಪ್ಪೂ ಉತ್ತಮವೆಂದು ತಿಳಿಯಬಹುದು.

ಒಂದು ಮೊಕದ್ದಮೆ

ನಗು ನಿಂತ ಗಳಿಗೆಯನ್ನು ತಾರೀಖಿನ ಸಮೇತ ಹೇಳಬಹುದು. 1977ರ ಜೂನ್ 28ರಂದು ಗಿಬ್ಸನ್ನಿನ ಒಡೆಯರಾದ ನಾರ್ಲಿನ್ ಕಂಪನಿಯವರು ಫಿಲಡೆಲ್ಫಿಯದ ಫೆಡರಲ್ ನ್ಯಾಯಾಲಯದಲ್ಲಿ ಎಲ್ಜರ್ ಎಂಬ ಸಂಸ್ಥೆಯ ಮೇಲೆ ದಾವೆ ಹೂಡಿದರು. ಎಲ್ಜರ್ ಎಂದರೆ ನಗೋಯ ನಗರದ ಹೊಶಿನೊ ಗಕ್ಕಿಯ ಅಮೆರಿಕದ ಶಾಖೆ. ಹೊಶಿನೊ ಅವರದು ಮೂಲತಃ ಪುಸ್ತಕದಂಗಡಿ. 1908ರಲ್ಲಿ ಅದರೊಂದು ಮೂಲೆಯಲ್ಲಿ ಸಂಗೀತ ಸಾಮಗ್ರಿಗಳ ಮಾರಾಟ ಆರಂಭವಾಗಿತ್ತು. ಸ್ಪೇನಿನ ಸಾಲ್ವಡಾರ್ ಇಬಾನೆಜ್ ಎಂಬ ಗಿಟಾರು ತಯಾರಕರ ವಾದ್ಯಗಳನ್ನು ತರಿಸುತ್ತಿದ್ದು, ಕಡೆಗೆ ಆ ಹೆಸರನ್ನೇ ತಮ್ಮ ಗಿಟಾರುಗಳಿಗೂ ಇಟ್ಟುಕೊಂಡಿದ್ದರು.

ದಾವೆಯ ವಿಷಯ ಗಿಟಾರಿನ ಇಡೀ ರೂಪವಲ್ಲ. ಬಿರಡೆಗಳನ್ನು ಕೂರಿಸುವ ತಲೆಯ ಭಾಗದ ಆಕಾರ ಮಾತ್ರ. ತೆರೆದ ಪುಸ್ತಕದ ಅಂಚಿನಂತಿರುವ ಆ ಆಕಾರ ತಮ್ಮ ಸ್ವತ್ತೆಂಬುದು ಗಿಬ್ಸನ್ನಿನವರ ವಾದ. ಹೊಶಿನೊ ಅವರು ಅಷ್ಟರಲ್ಲಾಗಲೇ ಆ ಆಕಾರವನ್ನು ಬದಲಿಸಿದ್ದರು. 1978ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಇದರಲ್ಲೊಂದು ವಿನೋದವೂ ಉಂಟು. ಗಿಬ್ಸನ್ ಮನೆತನದ್ದೇ ಆದ ಎಪಿಫೋನ್ ಗಿಟಾರುಗಳು 1970ರಿಂದ ತಯಾರಾಗುತ್ತಿದ್ದುದು ಎಲ್ಲಿ? ಅದೇ ಮತ್ಸುಮೊತೊ ಊರಿನ ಮತ್ಸುಮೊಕು ಕಾರ್ಖಾನೆಯಲ್ಲಿ!

ಆಟಿಕೆಯ ಮೇಲೆ ಯಾರೂ ದಾವೆ ಹೂಡುವುದಿಲ್ಲ. ಆ ಮೊಕದ್ದಮೆ ಜಪಾನೀ ಕುಶಲಕರ್ಮಿಗೆ ಸಿಕ್ಕ ಬಿನ್ನವತ್ತಳೆಯಂತಾಯಿತು. ಹೊಶಿನೊ ಅವರು ನಕಲು ಬಿಟ್ಟು ಸ್ವಂತ ಮಾದರಿಗಳಿಗೆ ಪೂರ್ತಿಯಾಗಿ ತಿರುಗಿದರು. ಜಾಸ್ ಸಂಗೀತದ ದೊಡ್ಡ ಕಲಾವಿದ ಜಾರ್ಜ್ ಬೆನ್ಸನ್ ತನ್ನ ಹೆಸರಿನ ಗಿಟಾರನ್ನು ಇಬಾನೆಜ್ ಮುದ್ರೆಯಡಿಯಲ್ಲಿ ಮಾಡಿಸಿಕೊಂಡ. ಇನ್ನು ಫೆಂಡರಿನವರು ಹಿಡಿದ ಹಾದಿ ಇನ್ನೂ ಜಾಣತನದ್ದು. ದಾವೆಯ ಬದಲು ಅವರು ಕೈಚಾಚಿದರು. 1982ರಲ್ಲಿ ಕಾಂಡ ಶೊಕಾಯ್, ಯಮಾನೊ ಗಕ್ಕಿ ಎಂಬ ಜಪಾನೀ ಸಂಸ್ಥೆಗಳ ಜೊತೆಗೂಡಿ ‘ಫೆಂಡರ್ ಜಪಾನ್’ ಸ್ಥಾಪಿಸಿ, ತಯಾರಿಕೆಯನ್ನು ಫುಜಿಗೆನ್ ಕಾರ್ಖಾನೆಗೆ ಒಪ್ಪಿಸಿದರು. 1985ರಲ್ಲಿ ಫೆಂಡರ್ ಸಿಬಿಎಸ್‌ನಿಂದ ಬಿಡುಗಡೆ ಹೊಂದಿದಾಗ ಅದರ ಹೊಸ ಒಡೆಯರಿಗೆ ಅಮೆರಿಕದಲ್ಲಿ ಕಾರ್ಖಾನೆಯೇ ಇರಲಿಲ್ಲ. ಹೊಸದು ಸಿದ್ಧವಾಗುವವರೆಗೆ ಫೆಂಡರಿನ ಹೆಸರನ್ನು ಮುಖ್ಯವಾಗಿ ಕಾಪಾಡಿದುದು ಜಪಾನೀ ಗಿಟಾರುಗಳೇ. ಶಿಷ್ಯನ ಮನೆಯಲ್ಲಿ ಗುರುವಿಗೆ ಆಶ್ರಯ ದೊರಕಿದಂತಾಯಿತು.

ಗುರುತು ಹಿಡಿಯುವ ಕಲೆ

ಇಷ್ಟು ಹಿನ್ನೆಲೆ ಗೊತ್ತಿದ್ದರೆ ಸಂಗ್ರಾಹಕರ ಲೋಕ ಅರ್ಥವಾಗುತ್ತದೆ. ಅವರಲ್ಲಿ ಎರಡು ಪಂಗಡ. ಒಂದು, 1960ರ ದಶಕದ ವಿಚಿತ್ರ ಗಿಟಾರುಗಳನ್ನು ಅವುಗಳ ವೈಚಿತ್ರ್ಯಕ್ಕಾಗಿಯೇ ಪ್ರೀತಿಸುವವರದು. ಇನ್ನೊಂದು, 1970, 80ರ ದಶಕದ ನಕಲುಗಳನ್ನು ಅವುಗಳ ಕುಶಲತೆಗಾಗಿ ಹುಡುಕುವವರದು. ಇಬ್ಬರಿಗೂ ಮೊದಲ ತೊಡಕು ಒಂದೇ: ಈ ವಾದ್ಯ ಯಾರದು?

ಒಂದೇ ಕಾರ್ಖಾನೆಯ ಗಿಟಾರು ಒಂದೊಂದು ವರ್ತಕನಿಗೆ ಒಂದೊಂದು ಹೆಸರಿನಲ್ಲಿ ಹೋಗುತ್ತಿತ್ತು. ಗಯಾಟೋನಿನ ಗಿಟಾರು ಇಂಗ್ಲೆಂಡಿನಲ್ಲಿ ‘ಅಂಟೋರಿಯ’ ಆಗಿತ್ತು. ‘ದಿ ಷಾಡೋಸ್’ ತಂಡದ ಹ್ಯಾಂಕ್ ಮಾರ್ವಿನ್ ಫೆಂಡರ್ ದೊರೆಯುವ ಮುನ್ನ ನುಡಿಸುತ್ತಿದ್ದುದು ಅದನ್ನೇ. ಅಮೆರಿಕದಲ್ಲಂತೂ ಕೆಂಟ್, ಕಿಂಗ್‌ಸ್ಟನ್, ನಾರ್ಮ ಎಂದು ಹೆಸರುಗಳ ಸಂತೆ. ಆದುದರಿಂದ ಬಲ್ಲವರು ಹೆಸರನ್ನು ನಂಬುವುದಿಲ್ಲ. ಪಿಕಪ್ಪಿನ ಮುಚ್ಚಳ, ಕುದುರೆಯ ಆಕಾರ, ತಿರುಪುಗಳ ಸ್ಥಾನ, ಬೆನ್ನ ತಗಡಿನ ಬರಹ, ಇವೇ ಅವರ ಶಾಸನಗಳು. ಅಂಕಿಗಳೂ ಮಾತನಾಡುತ್ತವೆ. 1970ರ ದಶಕದ ನಡುವಣಿಂದ ಇಬಾನೆಜ್ ಗಿಟಾರಿನ ಕ್ರಮಸಂಖ್ಯೆಯ ಮೊದಲ ಅಕ್ಷರ ತಿಂಗಳನ್ನೂ ಮುಂದಿನ ಎರಡು ಅಂಕಿಗಳು ವರ್ಷವನ್ನೂ ಹೇಳುತ್ತವೆ. ‘ಸಿ 77’ ಎಂದಿದ್ದರೆ 1977ರ ಮಾರ್ಚಿ ತಿಂಗಳು. ಫೆಂಡರ್ ಜಪಾನಿನ ಮೊದಮೊದಲ ಗಿಟಾರುಗಳಿಗೆ ‘ಜೆವಿ’ ಎಂಬ ಅಕ್ಷರಗಳಿವೆ. ಅವುಗಳಿಗೆ ವಿಶೇಷ ಬೆಲೆ.

ಬೆಲೆ ಬಂದೆಡೆಯಲ್ಲಿ ಮೋಸವೂ ಬರುತ್ತದೆ. ಫಿಲಡೆಲ್ಫಿಯದ ದಾವೆ ನಡೆದದ್ದು ಒಂದೇ ಸಂಸ್ಥೆಯ ಮೇಲೆ, ಒಂದೇ ಆಕಾರದ ವಿಷಯವಾಗಿ. ಆದರೆ ಇಂದು 1970ರ ದಶಕದ ಯಾವ ಜಪಾನೀ ನಕಲನ್ನಾದರೂ ‘ಮೊಕದ್ದಮೆಯ ಗಿಟಾರು’ ಎಂದು ಹೊಗಳಿ ದರ ಏರಿಸುವ ಮಾರಾಟಗಾರರಿದ್ದಾರೆ. ಹೊಸಬರು ಆ ಮಾತಿಗೆ ಮರುಳಾಗದೆ ವಾದ್ಯವನ್ನೇ ನೋಡಬೇಕು. ಕತ್ತು ನೆಟ್ಟಗಿದೆಯೇ? ಮೆಟ್ಟುಗಳು ಸವೆದಿವೆಯೇ? ಬಿರಡೆ ಶ್ರುತಿಯನ್ನು ಹಿಡಿಯುತ್ತದೆಯೇ? ಗುಂಡಿ ತಿರುಗಿಸಿದಾಗ ಚರಚರ ಸದ್ದಾದರೆ ಭಯವಿಲ್ಲ. ಅದು ಒಳಗಿನ ಧೂಳು. ಕತ್ತು ತಿರುಚಿಕೊಂಡಿದ್ದರೆ ಮಾತ್ರ ದೂರವಿರುವುದು ಲೇಸು.

ಕರ್ನಾಟಕದವರಿಗೆ ಆತ್ಮೀಯವೆನಿಸುವ ಎಳೆಯೊಂದು ಇಲ್ಲಿದೆ. ಗಿಟಾರಿನ ಕತ್ತಿನ ಮೇಲೆ ಬೆರಳಾಡುವ ಕಪ್ಪುಗೆಂಪಿನ ಪಟ್ಟಿ ಬಹುಮಟ್ಟಿಗೆ ರೋಸ್‌ವುಡ್ ಮರದ್ದು. ‘ಇಂಡಿಯನ್ ರೋಸ್‌ವುಡ್’ ಎಂದು ಗಿಟಾರು ಲೋಕವೆಲ್ಲ ಬಳಸುವ ಆ ಮರ ಪಶ್ಚಿಮ ಘಟ್ಟದ ಕಾಡುಗಳ ಬೀಟೆಯೇ. ವಿನಾಶದ ಭೀತಿಯಿಂದಾಗಿ 2017ರ ಜನವರಿಯಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ನಿರ್ಬಂಧಕ್ಕೊಳಗಾದಾಗ, ಹಳೆಯ ಗಿಟಾರನ್ನು ವ್ಯಾಪಾರಕ್ಕಾಗಿ ಗಡಿ ದಾಟಿಸಲೂ ಪರವಾನಗಿ ಬೇಕಾಯಿತು. 2019ರ ನವೆಂಬರಿನಲ್ಲಿ ಬೀಟೆಯಿಂದ ಮಾಡಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತ ಮೇಲೆಯೇ ಸಂಗ್ರಾಹಕರು ನಿಟ್ಟುಸಿರು ಬಿಟ್ಟರು.

ಒಂದು ಧರ್ಮಸಂಕಟ

ಸಂಗ್ರಾಹಕರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕದಡಿರುವ ಪ್ರಶ್ನೆ ಬೇರೊಂದಿದೆ. ಟೀಸ್ಕೊ ಗಿಟಾರುಗಳ ಕೆಲವು ಪಿಕಪ್ಪುಗಳ ಮುಚ್ಚಳದಲ್ಲಿ ಚಿನ್ನದ ಬಣ್ಣದ ತೆಳುಹಾಳೆ ಮಿನುಗುತ್ತದೆ. ಒಳಗಿರುವುದು ರಬ್ಬರಿನಂತೆ ಬಾಗುವ ಅಗ್ಗದ ಅಯಸ್ಕಾಂತ. ಅಮೆರಿಕದ ಹಿರಿಯ ವಾದಕ ರೈ ಕೂಡರ್ ಇಂಥದೊಂದನ್ನು ತನ್ನ ಫೆಂಡರ್ ಗಿಟಾರಿಗೆ ಅಳವಡಿಸಿಕೊಂಡ. ಅದರ ಮೃದುವಾದ, ಗಾಳಿಯಾಡುವಂಥ ನಾದವನ್ನು ಕೇಳಿದ ವಾದಕರೆಲ್ಲರಿಗೂ ‘ಗೋಲ್ಡ್ ಫಾಯಿಲ್’ ಬೇಕಾಯಿತು. ಪರಿಣಾಮವೇನು? ಅರ್ಧ ಶತಮಾನ ಅಟ್ಟದ ಮೇಲೆ ಉಳಿದುಬಂದಿದ್ದ ಗಿಟಾರುಗಳನ್ನು ಜನ ಕೊಂಡು, ಪಿಕಪ್ ಕಿತ್ತುಕೊಂಡು, ಒಡಲನ್ನು ಬಿಸಾಡಿದರು. ಬಿಡಿಭಾಗಗಳನ್ನು ಮಾರಿದರೆ ಇಡೀ ವಾದ್ಯಕ್ಕಿಂತ ಹೆಚ್ಚು ಹಣ ಸಿಕ್ಕುವಾಗ ಯಾರಿಗೆ ತಾನೆ ಆಸೆಯಾಗದು?

ಇದರಿಂದ ಆಗುವ ನಷ್ಟ ಬರಿಯ ಮರದ್ದಲ್ಲ. ಮತ್ಸುಮೊಕು ಕಾರ್ಖಾನೆ 1987ರಲ್ಲಿ ಮುಚ್ಚಿಹೋಯಿತು. ಸಣ್ಣ ಕಾರ್ಖಾನೆಗಳು ಎಂದೋ ಕಣ್ಮರೆಯಾದುವು. ಅಲ್ಲಿ ಪಿಕಪ್ ಸುತ್ತಿದ ಹೆಂಗಸರ, ಕತ್ತು ಕೆತ್ತಿದ ಬಡಗಿಗಳ ಹೆಸರುಗಳನ್ನು ಯಾವ ಗಿಟಾರಿನ ಮೇಲೂ ಕೊರೆದಿಲ್ಲ. ಅವರ ಕೆಲಸಕ್ಕೆ ಸಾಕ್ಷಿಯಾಗಿ ಉಳಿದಿರುವುದು ಆ ವಾದ್ಯಗಳು ಮಾತ್ರ. ಯಾವ ವರ್ಷ ಯಾವ ತಿರುಪು ಬಂದಿತು, ಯಾವ ದೋಷವನ್ನು ಹೇಗೆ ತಿದ್ದಿದರು, ಆಟಿಕೆ ಎಂದು ವಾದ್ಯವಾಯಿತು ಎಂಬುದನ್ನೆಲ್ಲ ಇಡಿಯಾಗಿ ಉಳಿದ ಗಿಟಾರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿಯೇ ತಿಳಿಯಬೇಕು. ಒಂದನ್ನು ಒಡೆದರೆ ಪುಸ್ತಕದ ಒಂದು ಹಾಳೆಯನ್ನು ಹರಿದಂತೆ.

ಇದನ್ನರಿತ ಸಂಗ್ರಾಹಕರು ತಮಗೆ ತಾವೇ ಒಂದು ನಿಯಮವನ್ನು ಹಾಕಿಕೊಂಡಿದ್ದಾರೆ. ಇಡಿಯಾಗಿರುವುದನ್ನು ಒಡೆಯುವುದಿಲ್ಲ, ಒಡೆದುದನ್ನು, ಬೇರೆ ಬೇರೆ ಕಡೆಯಿಂದ ಭಾಗಗಳನ್ನು ಹುಡುಕಿ, ಮತ್ತೆ ಇಡಿಯಾಗಿಸುತ್ತಾರೆ. ಒಂದು ಗುಂಡಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಮನೆಯವರು ನಗುತ್ತಾರೆ, ಐವತ್ತು ಡಾಲರಿನ ಗಿಟಾರಿಗೆ ನೂರು ಡಾಲರಿನ ರಿಪೇರಿಯೇ ಎಂದು ನೆರೆಯವರು ಕೇಳುತ್ತಾರೆ. ಉತ್ತರ ಕೊಡುವ ಗೋಜಿಗೆ ಅವರು ಹೋಗುವುದಿಲ್ಲ.

ಕೆಲಸ ಮುಗಿದ ಸಂಜೆ ಹೊಸ ತಂತಿಗಳನ್ನು ಬಿಗಿದು, ಶ್ರುತಿ ಮಾಡಿ, ಧ್ವನಿವರ್ಧಕದ ಗುಂಡಿಯನ್ನು ತಿರುಗಿಸುತ್ತಾರೆ. ಕ್ಷಣಕಾಲ ಗುಂಯ್ ಎಂಬ ಸದ್ದು. ಆಮೇಲೆ, ಅರವತ್ತು ವರ್ಷಗಳ ಹಿಂದೆ ದೂರದ ದೇಶದ ಯಾವನೋ ಹುಡುಗನಿಗಾಗಿ ತಯಾರಾಗಿದ್ದ ಆ ಗಿಟಾರು, ತನ್ನ ಮೊದಲಿನ ದನಿಯಲ್ಲಿಯೇ ನುಡಿಯತೊಡಗುತ್ತದೆ.